ಹೊಗೆ ಬಿಡದ ಟ್ರ್ಯಾಕ್ಟರಿಗೆ ಎತ್ತಿನ ಗಂಟೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಪ್ಪಳದ ಹೊರಗಿನ ಪುಟ್ಟ ವಿಮಾನ ನಿಲ್ದಾಣದಲ್ಲಿ ಗಲಗಲ ಎನ್ನುತ್ತ ಏನೋ ಬರುತ್ತಿದೆ. ಎತ್ತಿನ ಗಾಡಿಗೆ ಇಲ್ಲೇನು ಕೆಲಸ ಎಂದು ನೋಡಿದರೆ, ಬ್ಯಾಟರಿ ಟ್ರ್ಯಾಕ್ಟರ್! ಹಿಂದೆ ಲಗೇಜ್ ತುಂಬಿದ ಟ್ರಾಲಿಗಳು, ಸ್ಟೇರಿಂಗ್ ಹಿಡಿದವರು ಹುಲಿಹೈದರದ ದುರುಗವ್ವ. "ಬಾಜೂಕ ಸರೀರಿ, ಎತ್ತು ಹಾಯ್ತಾವ" ಎಂದು ನನ್ನನ್ನೇ ಗದರಿಸಿ ನಗುತ್ತಾರೆ.

ತವರಿನ ಹೊಲದಲ್ಲಿ ಟ್ರ್ಯಾಕ್ಟರ್ ಕಲಿತ ಕೈ ಅದು. ಇಲ್ಲಿಯೂ ಐದು ವರ್ಷ ಡೀಸೆಲ್ ಟ್ರ್ಯಾಕ್ಟರನ್ನೇ ಓಡಿಸಿದರು. ಮನೆಗೆ ಹೋದರೆ ಸೆರಗಿಗೂ ಹೊಗೆಯ ವಾಸನೆ, ಮಲಗಿದರೆ ಕೆಮ್ಮು. ಹೋದ ವರ್ಷ, ನಿಲ್ದಾಣದ ಹೊಗೆ ತಗ್ಗಿಸಲೆಂದು ಬ್ಯಾಟರಿ ಗಾಡಿ ಬಂತು. ಮೊದಲ ದಿನವೇ ಎಡವಟ್ಟು. "ಚಾವಿ ತಿರುವಿದ್ರ ಸಪ್ಪಳನ ಇಲ್ರಿ. ಚಾಲೂ ಆಗಿಲ್ಲಂತ ತಿಳಕೊಂಡು ಜೋರ್ ತುಳದೆ. ಜಿಗದ ಬಿಡ್ತು!" ಎದುರಿಗಿದ್ದ ಹಮಾಲ ಬಾಲಪ್ಪ ಸೂಟ್‌ಕೇಸ್ ಬಿಸಾಕಿ ಓಡಿದ್ದನ್ನು ಇಂದಿಗೂ ಹೇಳಿಕೊಂಡು ನಗುತ್ತಾರೆ.

ಗಾಡಿ ಬೆನ್ನಿಗೆ ಬಂದರೂ ಗೊತ್ತಾಗುವುದಿಲ್ಲ, ಡೀಸೆಲ್ಲೇ ಬರಲಿ ಎಂದು ಹಮಾಲರು ಪಟ್ಟು ಹಿಡಿದರು. ದುರುಗವ್ವ ಒಪ್ಪಲಿಲ್ಲ. ಮತ್ತೆ ಆ ಹೊಗೆ, ಆ ಕೆಮ್ಮು! ಭಾನುವಾರ ತವರಿಗೆ ಹೋಗಿ, ಕಾರಹುಣ್ಣಿಮೆಗೆ ಎತ್ತಿನ ಕೊರಳಿಗೆ ಕಟ್ಟುವ ಗಂಟೆಸರ ತಂದು ಗಾಡಿಯ ಮುಂದೆ ಕಟ್ಟಿಯೇಬಿಟ್ಟರು.

ನಿಲ್ದಾಣದ ಉಸ್ತುವಾರಿ ಸುಮಂಗಲಾ ಮೇಡಂ ಕೆಂಡವಾದರು. ಗಂಟೆಯೊಂದು ಕಳಚಿ ವಿಮಾನದ ಇಂಜಿನ್ನಿಗೆ ಸಿಕ್ಕರೆ ಗತಿಯೇನು? ಅವರು ಹೇಳಿದ್ದೂ ಸರಿಯೇ. ದುರುಗವ್ವ ಗಂಟೆಗಳನ್ನೆಲ್ಲ ತಂತಿ ಜಾಳಿಗೆಯ ಡಬ್ಬಿಯೊಳಗಿಟ್ಟು, ಸೀಟಿನ ಕೆಳಗೆ ಬೋಲ್ಟ್ ಹಾಕಿಸಿದರು.

"ಈಗ ಬೀಳಂಗಿಲ್ರಿ ಮೇಡಂ. ಬೇಕಾರ ನೀವ ಜಗ್ಗಿ ನೋಡ್ರಿ."

ಮೇಡಂ ಜಗ್ಗಿದರು, ಅಲ್ಲಾಡಿಸಿದರು, ಕೊನೆಗೆ ತಾವೇ ನಕ್ಕರು. "ಇರ್ಲಿ ಬಿಡವ್ವಾ, ಛಲೋ ಐತಿ."

ದಿನಕ್ಕೆ ಹತ್ತು ಲೀಟರ್ ಡೀಸೆಲ್ ಸುಡುತ್ತಿದ್ದ ಕೆಲಸ ಈಗ ಛಾವಣಿಯ ಸೋಲಾರ್ ಕರೆಂಟಿನಲ್ಲೇ ನಡೆಯುತ್ತದೆ. ವಿಮಾನ ಇಳಿದಾಗಲೆಲ್ಲ ಬಾಲಪ್ಪ ಕಿವಿ ನಿಮಿರಿಸಿ, "ದುರುಗವ್ವನ ಜೋಡೆತ್ತು ಬಂದ್ವು, ಹಾದಿ ಬಿಡ್ರಪ್ಪೋ" ಎಂದು ಕೂಗುತ್ತಾನೆ. ದುರುಗವ್ವನ ಕೆಮ್ಮು ನಿಂತಿದೆ. ಆ ಗಲಗಲ ಕೇಳುತ್ತ ನಿಂತ ನನಗೂ ಖುಷಿಯೋ ಖುಷಿ.

ಹಳೆಯ ಡೀಸೆಲ್ ಟ್ರ್ಯಾಕ್ಟರ್ ಮಾತ್ರ, ಬ್ಯಾಟರಿ ಗಾಡಿ ಕೈಕೊಟ್ಟರೆ ಬೇಕಾದೀತೆಂದು ಶೆಡ್ಡಿನಲ್ಲಿ ನಿಂತಿದೆ. ನಿಮ್ಮ ಆಸೆಯೇನು ಎಂದು ಕೇಳಿದರೆ ದುರುಗವ್ವ ಅದರತ್ತಲೇ ಕೈ ತೋರಿಸುತ್ತಾರೆ.

"ಅದರ ಸೀಟಿನ ಮ್ಯಾಲ ಕೋಳಿ ಕಾವಿಗೆ ಕುಂದ್ರಬೇಕ್ರಿ. ಎಬ್ಬಸಾಕ ಯಾರೂ ಬರಬಾರ್ದು."