ಅರಿಶಿನ ಹಚ್ಚಿದ ಅನುಭವ ಪತ್ರ

ನಲವತ್ತು ತುಂಬಲು ನಾಲ್ಕು ತಿಂಗಳಿದ್ದಾಗ ಸೈನಿಕರ ಮಕ್ಕಳು ಓದುವ ಶಾಲೆಯೊಂದರಿಂದ ನನಗೆ ಸಂದರ್ಶನಕ್ಕೆ ಕರೆ ಬಂತು. ಅಂಥ ಶಾಲೆಗಳಿಗೆ ನಾನು ಅರ್ಜಿ ಹಾಕಿದ್ದು ಅದು ಮೂರನೆಯ ಸಲ. ಮೊದಲನೆಯ ಶಾಲೆಯವರು ಉತ್ತರವನ್ನೇ ಬರೆಯಲಿಲ್ಲ. ಎರಡನೆಯವರು ಪರೀಕ್ಷೆ ಬರೆಸಿ, ಚಹಾ ಕುಡಿಸಿ, ಮನೆಗೆ ಕಳಿಸಿದರು. ನಲವತ್ತು ದಾಟಿದವರು ಅರ್ಜಿ ಹಾಕುವಂತಿಲ್ಲ ಎಂದು ಪ್ರಕಟಣೆಯಲ್ಲೇ ಇತ್ತು. ಇದು ತಪ್ಪಿದರೆ ಮುಗಿಯಿತು. ನನಗೆ ಆ ಕೆಲಸ ಬೇಕಾಗಿತ್ತು, ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಷ್ಟು ಬೇಕಾಗಿತ್ತು. ಇಷ್ಟು ವರ್ಷ ಗಣಿತ ಹೇಳಿದರೂ ಎಲ್ಲಿಯೂ ಕಾಯಂ ಆಗದೆ, ಪ್ರತಿ ಜೂನ್‌ನಲ್ಲಿ 'ಈ ವರ್ಷವೂ ಇರ್ತೀರಾ?' ಎಂದು ಕೇಳಿಸಿಕೊಂಡು ಸಾಕಾಗಿತ್ತು.

ಸಂದರ್ಶನಕ್ಕೆ ಬರುವಾಗ, ಹಿಂದೆ ಕಲಿಸಿದ ಎಲ್ಲ ಶಾಲೆಗಳ ಅನುಭವ ಪ್ರಮಾಣ ಪತ್ರ ತರಬೇಕು ಎಂದು ಬರೆದಿದ್ದರು. ಇದ್ದದ್ದು ಏಳು ದಿನ, ಶಾಲೆಗಳು ನಾಲ್ಕು. ಹಿರೇಕೆರೂರಿನಲ್ಲಿ ಶುರು ಮಾಡಿ, ಸವಣೂರು, ಶಿಗ್ಗಾಂವಿ ಮುಗಿಸಿ, ಹಾನಗಲ್ಲಿಗೆ ಬಂದು ನಿಂತವಳು ನಾನು. ಹೆಚ್ಚು ಕಡೆ ಕೆಲಸ ಬಿಡಲು ಕಾರಣ ನನ್ನ ಸಿಟ್ಟು. ಶಿಗ್ಗಾಂವಿಯಲ್ಲಿ ಸೀಮೆಸುಣ್ಣ ಎಣಿಸಿ ಕೊಡುತ್ತಾರೆ ಎಂದು ಜಗಳ ತೆಗೆದು ಕೆಲಸ ಬಿಟ್ಟಿದ್ದೆ. ಈಗ ನೆನೆದರೆ ನನಗೇ ನಗು ಬರುತ್ತದೆ, ಆಗ ಅದು ಸ್ವಾತಂತ್ರ್ಯ ಹೋರಾಟದಂತೆ ಕಂಡಿತ್ತು.

ನನ್ನ ಯಜಮಾನರು ಹಾನಗಲ್ಲಿನಲ್ಲಿ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸ ಮಾಡುತ್ತಾರೆ. ಊರು ಬಿಡಬೇಕಾದೀತಲ್ಲ ಎಂದು ನಾನು ಚಿಂತೆ ಮಾಡಿದರೆ ಅವರು ಬೈಕು ಒರೆಸುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ.

"ಮೋಟಾರು ಎಲ್ಲಾ ಊರಾಗೂ ಸುಡ್ತಾವ. ನೀ ಮೊದ್ಲ ನೌಕರಿ ಹಿಡಿ, ಆಮ್ಯಾಲ ಊರಿನ ಮಾತು," ಎಂದರು.

ಹಾನಗಲ್ಲಿನ ಪತ್ರ ಅಂದೇ ಸಿಕ್ಕಿತು. ಮರುದಿನ ಯಜಮಾನರ ಬೈಕಿನಲ್ಲಿ ಶಿಗ್ಗಾಂವಿಗೆ ಹೋದೆವು. ಸೀಮೆಸುಣ್ಣದ ಗುಮಾಸ್ತರು ನನ್ನನ್ನು ಕಂಡು ಎದ್ದು ನಿಂತು, ಕುರ್ಚಿ ಸರಿಸಿ, ಅರ್ಧ ಗಂಟೆಯಲ್ಲಿ ಪತ್ರ ಟೈಪು ಮಾಡಿ ಕೊಟ್ಟರು. ಸವಣೂರಿನಲ್ಲಿ ಗಣಿತದ ಟೀಚರ್ ರಜೆಯ ಮೇಲಿದ್ದರು. ಒಂದು ಪೀರಿಯಡ್ ತೆಗೆದುಕೊಂಡರೆ ಅಷ್ಟರಲ್ಲಿ ಪತ್ರ ತಯಾರಾಗುತ್ತದೆ ಅಂದರು. ಭಿನ್ನರಾಶಿ ಹೇಳಿ ಮುಗಿಸಿ, ಕೈ ಝಾಡಿಸಿಕೊಂಡು, ಪತ್ರ ತೆಗೆದುಕೊಂಡು ಬಂದೆ. ಯಜಮಾನರು ಅಷ್ಟರೊಳಗೆ ಹೊರಗೆ ನಿಂತು ಎರಡು ಪ್ಲೇಟು ಮಿರ್ಚಿ ಮುಗಿಸಿದ್ದರು.

ಉಳಿದದ್ದು ಹಿರೇಕೆರೂರು. ನನ್ನ ಮೊದಲ ಶಾಲೆ. ಹೋಗಿ ನೋಡಿದರೆ ಶಾಲೆಯೇ ಇಲ್ಲ. ಮುಚ್ಚಿ ಎಷ್ಟೋ ವರ್ಷವಾಗಿ, ಏಳನೆಯ ತರಗತಿಯ ಕೋಣೆಯಲ್ಲಿ ಗೊಬ್ಬರದ ಚೀಲಗಳು ಮಾಡಿನವರೆಗೆ ಏರಿದ್ದವು. ಆ ಗೊಬ್ಬರದ ಅಂಗಡಿಯವರೇ ಹಳೆಯ ಹೆಡ್‌ಮಾಸ್ತರರ ಮನೆ ತೋರಿಸಿದರು.

ಹೆಡ್‌ಮಾಸ್ತರರಿಗೆ ಎಂಬತ್ತರ ಹತ್ತಿರ. ನಿವೃತ್ತರಾದ ಮೇಲೆ ಸುತ್ತಲಿನ ಹಳ್ಳಿಗಳ ಮದುವೆ ಸಂಬಂಧ ಕೂಡಿಸುವುದೇ ಅವರ ಕೆಲಸವಾಗಿತ್ತು. ವಧು-ವರರ ವಿವರ ಬರೆದು, ಗಂಡಿನ ಕಡೆಗೆ, ಹೆಣ್ಣಿನ ಕಡೆಗೆ ಕಳಿಸುವುದರಲ್ಲಿ ಅವರ ಕೈ ಪಳಗಿತ್ತು. ನಾನು ಬಂದ ಕಾರಣ ಹೇಳಿದೆ.

"ದಂಡಿನ್ಯಾಗ ನೌಕರಿ ಏನವ್ವಾ? ಬಂದೂಕು ಹಿಡೀತಿಯೇನ?"

"ಇಲ್ಲರೀ ಸರ್, ಅಲ್ಲೂ ಸೀಮೆಸುಣ್ಣಾನ."

ಅವರು ಖುಷಿಯಿಂದ ಟ್ರಂಕು ತೆಗೆದರು. ಶಾಲೆಯ ಹೆಸರು ಅಚ್ಚಾದ ಒಂದೇ ಒಂದು ಹಾಳೆ ಉಳಿದಿತ್ತು, ರಬ್ಬರ್ ಶಿಕ್ಕಾ ಕೂಡ ಇತ್ತು. ನಾವು ಒಳಗೆ ಅವರ ಸೊಸೆ ಕೊಟ್ಟ ಅವಲಕ್ಕಿ ತಿನ್ನುತ್ತಿದ್ದರೆ ಅವರು ಪಡಸಾಲೆಯಲ್ಲಿ ಕುಳಿತು ಬರೆದರು. ಹೊರಗೆ ಬಂದಾಗ ಲಕೋಟೆಗೆ ಅಂಟು ಹಾಕಿ, ನಾಲ್ಕೂ ಮೂಲೆಗೆ ಅರಿಶಿನ ಹಚ್ಚುತ್ತಿದ್ದರು.

"ಇದನ್ನ ಅವರ ಕೈಯಾಗ ಕೊಡು. ನೀ ಒಡೀಬ್ಯಾಡ. ಶುಭಕಾರ್ಯದ ಕಾಗದ ನಡುವ ಒಡದ್ರ ಕೂಡಿಬರೂದಿಲ್ಲ," ಎಂದರು.

ಒಡೆದು ನೋಡಬೇಕಿತ್ತು. ಬೇರೆ ಯಾರೇ ಆಗಿದ್ದರೂ ನೋಡುತ್ತಿದ್ದರು. ಆದರೆ ನಮ್ಮ ಕಡೆ ಗುರುವಿಗೆ ಸಮಾನರಾದ ಹಿರಿಯರು ಅರಿಶಿನ ಹಚ್ಚಿ ಕೊಟ್ಟದ್ದನ್ನು ದಾರಿಯಲ್ಲಿ ಹರಿಯಲು ಯಾರಿಗೆ ಕೈ ಬಂದೀತು? ಹಾಗೇ ಚೀಲದಲ್ಲಿಟ್ಟುಕೊಂಡೆ.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು: ಉತ್ತರದ ಕಡೆಯ ಪ್ರಿನ್ಸಿಪಾಲ್ ಮೇಡಂ, ಸಮವಸ್ತ್ರದ ಅಧಿಕಾರಿ ಒಬ್ಬರು, ಗಣಿತ ಬಲ್ಲ ಹಿರಿಯರೊಬ್ಬರು. ಗಣಿತ ಸಲೀಸಾಗಿ ಹೋಯಿತು. ಕೊನೆಗೆ ಪತ್ರಗಳನ್ನು ಕೇಳಿದರು. ಅಧಿಕಾರಿ ಅರಿಶಿನದ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒಡೆದು, ಪ್ರಿನ್ಸಿಪಾಲರ ಕೈಗೆ ಕೊಟ್ಟರು. ಮೂವರಲ್ಲಿ ಯಾರಿಗೂ ಕನ್ನಡ ಓದಲು ಬರುತ್ತಿರಲಿಲ್ಲ. ನೀವೇ ಓದಿ ಇಂಗ್ಲಿಷಿನಲ್ಲಿ ಹೇಳಿ ಎಂದರು.

ಓದತೊಡಗಿದೆ. "ಇವರು ಒಳ್ಳೆಯ ಮನೆತನದವರು. ಎತ್ತರ ಸಾಧಾರಣ, ಬಣ್ಣ ಸಾದಗಪ್ಪು." ನನ್ನ ಕಿವಿ ಬಿಸಿಯಾದವು. "ರೊಟ್ಟಿ ಬಡಿಯುವುದರಲ್ಲಿ ಕೈ ಹಗುರ, ಲೆಕ್ಕ ಹೇಳಿಕೊಡುವುದರಲ್ಲಿ ಅದಕ್ಕಿಂತ ಹಗುರ. ಸಿಟ್ಟು ಬೇಗ ಬರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಮಕ್ಕಳ ಮೇಲೆ ಕೈ ಎತ್ತಿದ್ದನ್ನು ನಾನು ಕಂಡಿಲ್ಲ. ಈಗಾಗಲೇ ಮದುವೆಯಾಗಿರುವುದರಿಂದ ಆ ವಿಷಯದಲ್ಲಿ ವಿಚಾರಿಸುವ ಅಗತ್ಯವಿಲ್ಲ."

ಅಧಿಕಾರಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಗಣಿತದ ಹಿರಿಯರು ಕಿಟಕಿಯ ಕಡೆ ತಿರುಗಿದರು, ಆದರೆ ಭುಜ ಕುಣಿಯುವುದು ಕಾಣುತ್ತಿತ್ತು. ಕೆಲಸ ಕೈತಪ್ಪಿತು ಎಂದು ನನಗೆ ಖಾತ್ರಿಯಾಯಿತು. ಖಾತ್ರಿಯಾದ ಮೇಲೆ ಒಂದು ಥರದ ಧೈರ್ಯ ಬಂದು ನಾನೂ ಜೋರಾಗಿ ನಕ್ಕುಬಿಟ್ಟೆ. ಕಣ್ಣೀರು ಬರುವಷ್ಟು ನಕ್ಕೆವು ನಾಲ್ವರೂ.

ಇನ್ನೊಂದು ಸಾಲು ಉಳಿದಿತ್ತು. "ಮದುವೆ ಗೊತ್ತಾಗಿ ವರ್ಷದ ನಡುವೆ ಬಿಟ್ಟು ಹೋದರು. ಟೀಚರ್ ಎಲ್ಲಿ ಎಂದು ಮಕ್ಕಳು ಒಂದು ತಿಂಗಳು ನನ್ನನ್ನು ಕೇಳುತ್ತಿದ್ದರು."

ಇದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಅದನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.

ಪ್ರಿನ್ಸಿಪಾಲರ ನಗು ನಿಂತಿತು. ತಮ್ಮಲ್ಲಿ ಅಪ್ಪಂದಿರಿಗೆ ವರ್ಗವಾದಾಗಲೆಲ್ಲ ಮಕ್ಕಳೇ ಶಾಲೆ ಬಿಟ್ಟು ಹೋಗುತ್ತಾರೆ, ಎರಡು ಮೂರು ವರ್ಷಕ್ಕೊಮ್ಮೆ ಮುಖಗಳೇ ಬದಲಾಗುತ್ತವೆ, ಅದನ್ನು ತಡೆದುಕೊಳ್ಳುತ್ತೀರಾ ಎಂದು ಕೇಳಿದರು.

"ಬಿಟ್ಟು ಹೋಗುವುದು ನನಗೆ ಚೆನ್ನಾಗಿ ಗೊತ್ತು, ಮೇಡಂ," ಎಂದೆ. "ಹಿಂದೆ ಉಳಿಯುವುದು ಗೊತ್ತಿಲ್ಲ. ಕಲಿಯಬೇಕು."

ಅವರು ಏನೋ ಬರೆದುಕೊಂಡು, ಹೋಗಿ ಬನ್ನಿ ಅಂದರು.

ಮೂರು ವಾರದ ಮೇಲೆ, ಹಾನಗಲ್ಲಿನ ಶಾಲೆಯಲ್ಲಿ ವೃತ್ತದ ಅಧ್ಯಾಯ ನಡೆಯುತ್ತಿದ್ದಾಗ ಫೋನು ಬಂತು. ಆಯ್ಕೆಯಾಗಿದ್ದೀರಿ, ಹದಿನೈದು ದಿನದಲ್ಲಿ ಬಂದು ಸೇರಿಕೊಳ್ಳಿ ಎಂದು ಪ್ರಿನ್ಸಿಪಾಲರೇ ಹೇಳಿದರು. ತರಗತಿಯೊಳಗೆ ಬಂದವಳ ಮುಖ ನೋಡಿಯೇ ಮಕ್ಕಳಿಗೆ ಏನೋ ಆಗಿದೆ ಎಂದು ಗೊತ್ತಾಯಿತು. ತಡೆಯಲಾಗದೆ ಹೇಳಿಬಿಟ್ಟೆ. ಅವರು ಬೆಂಚು ಗುದ್ದಿ ಚಪ್ಪಾಳೆ ಹೊಡೆದ ಸದ್ದಿಗೆ ಪಕ್ಕದ ಕೋಣೆಯ ಟೀಚರ್ ಓಡಿ ಬಂದರು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಯಜಮಾನರು ಇದನ್ನು ಓದಿದರೂ ಚಿಂತೆಯಿಲ್ಲ.

ಗಲಾಟೆ ಇಳಿದ ಮೇಲೆ ಮುಂದಿನ ಬೆಂಚಿನ ಹುಡುಗಿ ಒಬ್ಬಳು ಎದ್ದು ನಿಂತಳು. ಅವಳು ಚಪ್ಪಾಳೆ ಹೊಡೆದಿರಲಿಲ್ಲ.

"ಭಾಳ ಚಲೋ ಆತ್ರಿ ಟೀಚರ್. ಆದ್ರ ನಮ್ಮ ಪರೀಕ್ಷಾ ಮುಂದಿನ ತಿಂಗಳ ಐತ್ರಿ. ವೃತ್ತ ಯಾರು ಮುಗಸ್ತಾರ್ರಿ?"

ಶಾಲೆ ಬಿಟ್ಟ ಕೂಡಲೇ ಅಂಗಳದ ಬೇವಿನ ಮರದ ಕೆಳಗೆ ನಿಂತು ಪ್ರಿನ್ಸಿಪಾಲರಿಗೆ ಫೋನು ಮಾಡಿದೆ. ಸಿಕ್ಕ ಕೆಲಸ ಕಳೆದುಕೊಳ್ಳುವ ಭಯ ಇದ್ದೇ ಇತ್ತು. ಪರೀಕ್ಷೆ ಮುಗಿಸಿ ಬರಬಹುದೇ ಮೇಡಂ, ವರ್ಷದ ನಡುವೆ ಮಕ್ಕಳನ್ನು ಬಿಟ್ಟು ಬರಲು ಮನಸ್ಸು ಒಪ್ಪುತ್ತಿಲ್ಲ ಎಂದೆ.

"ಹಾಗೆ ಮುಗಿಸಿ ಬರುವುದಾದರೆ ಮಾತ್ರ ಬನ್ನಿ," ಎಂದರು ಅವರು.