ಎಲ್ಲರಿಗೂ ಒಂದೇ ಬಯೋಡೇಟಾ

ಬಿ.ಕಾಂ. ಮುಗಿಸಿ ಶಿವಮೊಗ್ಗದ ಆಲ್ಕೊಳದಲ್ಲಿ ಸೋದರಮಾವನ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಸ್ಟಾಕ್ ನೋಡಿಕೊಳ್ಳುತ್ತಿದ್ದೆ. ಮಾವ ಅಂಗಡಿ ಮುಚ್ಚಿದ ಮೇಲೆ ಬೇರೆ ಕೆಲಸ ಹುಡುಕಬೇಕಾಯಿತು. ಭದ್ರಾವತಿಯ ನ್ಯೂ ಟೌನಿನ ನಮ್ಮ ಮನೆಗೆ ಬಂದವರೆಲ್ಲ, ಶಿವಮೊಗ್ಗದ ವಿನೋಬನಗರದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದವನ ಬಳಿಗೆ ಹೋಗು ಎನ್ನುತ್ತಿದ್ದರು. ಅವನು ಮಾಡಿಕೊಟ್ಟ ಬಯೋಡೇಟಾ ಇದ್ದರೆ ಕೆಲಸ ಸಿಕ್ಕಂತೆಯೇ ಎಂಬ ಮಾತಿತ್ತು. ಆ ಮಾತು ಹಬ್ಬಿಸಿದವನೂ ಅವನೇ ಎಂದು ಆಮೇಲೆ ತಿಳಿಯಿತು.

ನಾನು ಹೋದಾಗ ಏಪ್ರಿಲ್ ಸೆಕೆಯಲ್ಲೂ ಟೈ ಕಟ್ಟಿ ಕೂತಿದ್ದ. ನಾನು ಏನು ಓದಿದ್ದೇನೆ ಎನ್ನುವುದಕ್ಕಿಂತ ಅಪ್ಪನಿಗೆ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಯಾವ ಹುದ್ದೆ ಎಂದು ತಿಳಿಯುವುದರಲ್ಲೇ ಅವನಿಗೆ ಆಸಕ್ತಿ. ಮಾವನ ಅಂಗಡಿಯ ವಿಷಯ ಹೇಳಿದೆ.

"ಸ್ಪೇರ್ ಪಾರ್ಟ್ಸ್ ಅಂಗಡೀಲಿದ್ದೆ ಅಂತ ಯಾರಾದ್ರೂ ಹಾಕ್ತಾರೇನಮ್ಮ? ಮರ್ಯಾದೆ ಹೋಗುತ್ತೆ."

"ನಂಗೆ ಚೆನ್ನಾಗಿ ಬರೋದು ಅದೊಂದೇ ಸರ್."

"ಕಂಪನಿಯೋರು ಏನು ನೋಡ್ತಾರೆ ಅಂತ ನಂಗೊತ್ತು. ನೀನು ಸುಮ್ನಿರು."

ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಒಂದು ಬಯೋಡೇಟಾಕ್ಕೆ ನನ್ನ ಹೆಸರು ಸೇರಿಸಿ ಪ್ರಿಂಟ್ ತೆಗೆದ. ಸುತ್ತಲೂ ಹೂಬಳ್ಳಿಯ ಬಾರ್ಡರು, ಒಳಗೆ ನನಗೇ ಗೊತ್ತಿಲ್ಲದ ನನ್ನ ನಾಯಕತ್ವದ ಗುಣ, ಕೊನೆಯಲ್ಲಿ ಹವ್ಯಾಸ: ಅಂಚೆಚೀಟಿ ಸಂಗ್ರಹ. ನಮ್ಮ ಮನೆಗೆ ಕಾಗದ ಬರುವುದೇ ಅಪರೂಪವಾಗಿತ್ತು.

ಶಿವಮೊಗ್ಗದ ಒಂದು ಟ್ರ್ಯಾಕ್ಟರ್ ಶೋರೂಮಿನ ಬಿಡಿಭಾಗ ವಿಭಾಗಕ್ಕೆ ಜನ ಬೇಕಿತ್ತು. ಅದೇ ಹಾಳೆ ಹಿಡಿದು ಸಂದರ್ಶನಕ್ಕೆ ಹೋದೆ. ಮ್ಯಾನೇಜರು ಕೊನೆಯ ಸಾಲು ನೋಡಿ ನಕ್ಕರು.

"ಬೆಳಿಗ್ಗೆಯಿಂದ ಬಂದೋರೆಲ್ಲ ಸ್ಟಾಂಪ್ ಕೂಡಿಡೋರೇ. ಇದೇನು ಪೋಸ್ಟಾಫೀಸಾ?"

"ಸರ್, ಇದು ನಾನು ಬರ್ದಿದ್ದಲ್ಲ. ಒಂದು ಬಿಳಿ ಹಾಳೆ ಕೊಡಿ, ನಾನೇ ಬರ್ಕೊಂಡು ಬರ್ತೀನಿ," ಎಂದೆ.

ಹೊರಗಿನ ಬೆಂಚಿನಲ್ಲಿ ಕೂತು ಆ ಕೆಲಸಕ್ಕೆ ಬೇಕಾದದ್ದನ್ನಷ್ಟೇ ಬರೆದೆ. ಬೇರಿಂಗು, ಬೆಲ್ಟು, ಫಿಲ್ಟರುಗಳನ್ನು ನಂಬರಿನ ಪ್ರಕಾರ ಜೋಡಿಸಿಟ್ಟದ್ದು, ಉಳುಮೆ ಶುರುವಾಗುವ ಮೊದಲೇ ಯಾವ ಸಾಮಾನು ತರಿಸುತ್ತಿದ್ದೆ, ರೈತರು ಹೆಸರು ಗೊತ್ತಿಲ್ಲದೆ ಕೈಸನ್ನೆಯಲ್ಲಿ ಕೇಳಿದ್ದನ್ನು ಹೇಗೆ ಹುಡುಕಿ ಕೊಡುತ್ತಿದ್ದೆ. ಮ್ಯಾನೇಜರು ಈ ಸಲ ನಗಲಿಲ್ಲ. ನನ್ನನ್ನು ಕೌಂಟರಿಗೆ ಕರೆದೊಯ್ದು ಒಂದೊಂದೇ ಸಾಮಾನು ತೋರಿಸಿ ಕೇಳಿದರು. ಎಲ್ಲದಕ್ಕೂ ಉತ್ತರ ಹೇಳಿದೆ. ಸೋಮವಾರದಿಂದ ಬಾ ಎಂದರು.

ನಾನೇ ಹಾಳೆ ಬರೆದುಕೊಟ್ಟು ಕೆಲಸಕ್ಕೆ ಸೇರಿದ ಸುದ್ದಿ ಕೇಳಿ ಡಿಟಿಪಿಯವನು ಶೋರೂಮಿಗೇ ಬಂದ.

"ಮಾರಾಯ್ತಿ, ನಮ್ಮ ಕಡೆಯಿಂದ ಕೆಲ್ಸ ಸಿಕ್ಕಿದೋಳು ನೀನು. ನೀನು ಬರ್ದ ಆ ಹಾಳೆದೊಂದು ಜೆರಾಕ್ಸ್ ಕೊಡು, ಬೇರೆಯೋರಿಗೂ ಹಾಕ್ಕೊಡ್ತೀನಿ."

"ನಾನು ಮಾಡಿದ ಕೆಲ್ಸ ಅವರ ಹೆಸರಿಗೆ ಹಾಕ್ತೀರಾ?"

"ಅಯ್ಯೋ, ಯಾರು ಓದ್ತಾರೆ ಬಿಡು."

ಊರಿನವರ ಬದುಕನ್ನು ಬರೆದುಕೊಟ್ಟೇ ಹೊಟ್ಟೆ ಹೊರೆಯುತ್ತಿದ್ದವನ ನಂಬಿಕೆ ಇದು! ಜೆರಾಕ್ಸ್ ಕೊಡುವುದಿಲ್ಲ ಎಂದೆ. ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದ. ನಾನು ಒಂದು ಟೀ ಬೇಕಾ ಅಂತಲೂ ಕೇಳಲಿಲ್ಲ.