ಬಾಣಂತಿ ಕೋಣೆಯ ಕಿಟಕಿ

ಫ್ಯಾನಿನ ರೆಗ್ಯುಲೇಟರಿನಲ್ಲಿ ಸೊನ್ನೆಯಿಂದ ಐದರವರೆಗೆ ಅಂಕಿಗಳಿರುತ್ತವೆ. ಅಷ್ಟು ಪುಟ್ಟ ತಿರುಗಣೆಯ ಸುತ್ತ ಒಂದು ಮನೆಯ ನೆಮ್ಮದಿಯೆಲ್ಲ ತಿರುಗಬಹುದೆಂದು ನನಗೆ ತಿಳಿದದ್ದು ಈ ಬೇಸಿಗೆಯಲ್ಲಿ, ಮಗಳು ವಿದ್ಯಾ ಬಾಣಂತನಕ್ಕೆಂದು ಅಲ್ಲಾಳಸಂದ್ರದ ನಮ್ಮ ಮನೆಗೆ ಬಂದ ಮೇಲೆ. ನಾನು ಸೊನ್ನೆಗೆ ತಂದಿಟ್ಟು ಅಡುಗೆಮನೆಗೆ ಹೋದರೆ, ಒಗ್ಗರಣೆಯ ಸಾಸಿವೆ ಸಿಡಿಯುವಷ್ಟರಲ್ಲಿ ಅದು ಮೂರಕ್ಕೆ ಬಂದಿರುತ್ತಿತ್ತು. ಮತ್ತೆ ನಾನು ಹೋಗಿ ಸೊನ್ನೆ, ಮತ್ತೆ ಅವಳು ಮೂರು. ಜಗಳವೆಲ್ಲ ಬೆರಳಲ್ಲೇ ನಡೆಯುತ್ತಿತ್ತು.

ನನ್ನನ್ನು ಬೈದುಕೊಳ್ಳುವ ಮೊದಲು ನನ್ನ ಮಾತನ್ನೂ ಕೇಳಿ. ಬಾಣಂತಿಗೆ, ಮಗುವಿಗೆ ಗಾಳಿ ಸೋಕಬಾರದೆಂದು ನಮ್ಮಮ್ಮ ನನಗೆ ಮಾಡಿದ್ದನ್ನೇ ನಾನು ಮಗಳಿಗೆ ಮಾಡಿದ್ದು. ಕಿಟಕಿಯ ಸಂದಿಗಳಿಗೆಲ್ಲ ಹಳೇ ಸೀರೆಯ ತುಂಡು, ಸಂಜೆಗೆ ಸಾಂಬ್ರಾಣಿ ಹೊಗೆ, ಇಪ್ಪತ್ಮೂರು ದಿನದ ಮೊಮ್ಮಗಳ ತಲೆಗೆ ಕುಲಾವಿ, ಮೈಗೆ ಎರಡು ಸುತ್ತು ಬಟ್ಟೆ. "ಇದು ಮಗುನಾ ಪಾರ್ಸೆಲ್ಲಾ ಅಮ್ಮಾ?" ಎಂದು ವಿದ್ಯಾ ಕೇಳಿದ ದಿನ ನಾನು ನಕ್ಕಿದ್ದೆ. "ನಿನ್ ಕಾಲದಲ್ಲಿ ಬೆಂಗಳೂರು ತಣ್ಣಗಿತ್ತು, ಈಗಿಲ್ಲ" ಎಂದ ದಿನ ನಗಲಿಲ್ಲ. "ಹೆತ್ತು ಇನ್ನೂ ತಿಂಗಳಾಗಿಲ್ಲ, ನಂಗೇ ಪಾಠ ಹೇಳ್ತೀಯಾ?" ಎಂದುಬಿಟ್ಟೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಾತು ನಿಂತಿತು, ಫ್ಯಾನು ಮಾತ್ರ ಮೂರರಲ್ಲಿ ತಿರುಗುತ್ತಲೇ ಇತ್ತು.

ಎಲ್ಲವನ್ನೂ ದೇವರಿಗೆ ಹೇಳಿಕೊಳ್ಳುವ ಅಭ್ಯಾಸ ನನ್ನದು. ಗ್ಯಾಸ್ ಮುಗಿದರೂ ಹೇಳುತ್ತೇನೆ. ಆ ಸಂಜೆ ದೀಪ ಹಚ್ಚುವಾಗ, ಮನಸ್ಸು ಕೆಟ್ಟಿದ್ದ ಭರದಲ್ಲಿ, "ಸ್ವಾಮಿ, ಆ ಫ್ಯಾನೊಂದು ನಿಲ್ಲಿಸಿಬಿಡಪ್ಪ" ಎಂದು ಕೈಮುಗಿದೆ.

ಗಂಟೆಯೊಳಗೆ ಆಕಾಶ ಕಾಡಿಗೆಯಾಯಿತು. ಅಲ್ಲಾಳಸಂದ್ರ ಕೆರೆಯ ಕಡೆಯಿಂದ ಎದ್ದ ಗಾಳಿ ಮಾಳಿಗೆಯ ಬಟ್ಟೆಗಳನ್ನು ಹೊತ್ತೊಯ್ದಿತು, ಆಲಿಕಲ್ಲು ನೀರಿನ ಟ್ಯಾಂಕನ್ನು ತಮಟೆಯಂತೆ ಬಡಿಯಿತು, ರಸ್ತೆಯ ತುದಿಯ ಗುಲ್‌ಮೊಹರ್ ಮರ ಕರೆಂಟು ಕಂಬವನ್ನು ತಬ್ಬಿಕೊಂಡೇ ನೆಲಕ್ಕೆ ಮಲಗಿತು. ಫ್ಯಾನು ನಿಂತಿತು. ನಮ್ಮದಷ್ಟೇ ಅಲ್ಲ, ಯಲಹಂಕದಲ್ಲಿ ತಂಗಿಯ ಮನೆಯದು, ಸಂಜಯನಗರದಲ್ಲಿ ನಾದಿನಿಯ ಮನೆಯದು. ಒಂದೊಂದು ಫೋನು ಬಂದಾಗಲೂ ನಾನು ಕಳ್ಳಿಯಂತೆ ದೇವರ ಪಟದ ಕಡೆ ನೋಡುತ್ತಿದ್ದೆ. ದೇವರು ದೊಡ್ಡವನು ನಿಜ, ಆದರೆ ನನ್ನಂಥವಳ ಮಾತಿಗೆ ಅವನು ಇಷ್ಟು ದೊಡ್ಡದಾಗಿ ಕಿವಿಗೊಡಬೇಕಿತ್ತೇ?

ಮರುದಿನವೂ ಕರೆಂಟು ಬರಲಿಲ್ಲ. ನೆನೆದುಕೊಂಡರೆ ದೇವರ ದಯೆಗೇನೂ ಕೊರತೆಯಿರಲಿಲ್ಲ. ಮರ ಬಿದ್ದದ್ದು ಯಾರ ತಲೆಯ ಮೇಲೂ ಅಲ್ಲ. ಗೀಸರ್ ಸತ್ತರೂ ಒಲೆಯ ಮೇಲೆ ಹಂಡೆ ಇಟ್ಟು ಬಾಣಂತಿಯ ಸ್ನಾನಕ್ಕೆ ನೀರು ಕಾಯಿಸಿದ್ದಾಯಿತು. ಆದರೆ ಮಳೆಯ ತಂಪು ಬೆಳಗಿಗೇ ಆರಿಹೋಗಿ, ಒದ್ದೆ ನೆಲದ ಮೇಲೆ ಬಿಸಿಲು ಬಿದ್ದು, ಊರಿಗೆ ಊರೇ ಇಡ್ಲಿ ಪಾತ್ರೆಯೊಳಗೆ ಕೂತಂತಾಗಿತ್ತು. ಮಗು ಬೆಳಗಿನಿಂದ ಎದೆಗೆ ಬಾಯಿ ಹಚ್ಚುವುದು, ಎರಡು ಸಲ ಚೀಪುವುದು, ಕೆಂಪಗಾಗಿ ಚೀರುವುದು.

ತಡೆಯಲಾರದೆ ಕಂಬದ ಬಳಿ ಕೆಲಸ ಮಾಡುತ್ತಿದ್ದ ಲೈನ್‌ಮನ್‌ನ ಹತ್ತಿರ ಹೋದೆ. "ಯಾವಾಗ ಬರುತ್ತಪ್ಪಾ? ಮನೇಲಿ ಹಸಿ ಬಾಣಂತಿ ಇದಾಳೆ."

"ಮೂರು ಕಂಬ ಮುರ್ದೈತೆ ಕಣಮ್ಮಾ. ನಮ್ಮುನ್ ಕೇಳಿದ್ರೆ? ದೇವ್ರುನ್ ಕೇಳಿ."

ಕೇಳಿದ್ದಕ್ಕೇ ಹೀಗಾಯಿತೆಂದು ಅವನಿಗೆ ಹೇಗೆ ಹೇಳಲಿ.

ಮನೆಗೆ ಬಂದಾಗ ವಿದ್ಯಾ ಯಾರದೋ ಲಗ್ನಪತ್ರಿಕೆಯಿಂದ ಮಗುವಿಗೆ ಗಾಳಿ ಹಾಕುತ್ತಿದ್ದಳು. ಕೈ ಸೋತಿತ್ತು, ಕಣ್ಣು ತುಂಬಿತ್ತು. "ಎರಡು ಗುಟುಕೂ ಕುಡೀತಿಲ್ಲಮ್ಮ. ಏನ್ ಮಾಡ್ಲಿ?" ನಮ್ಮ ಮೌನ ಮುರಿದದ್ದು ಆ ಮಾತಿನಿಂದ. ಮಗುವಿನ ಕತ್ತಿನ ಮಡಿಕೆಗೆ ಬೆರಳಿಟ್ಟು ನೋಡಿದೆ. ಒದ್ದೆ, ಒದ್ದೆಯ ಅಡಿಯಲ್ಲಿ ಕೆಂಪು ಬೆವರುಸಾಲೆ, ನಾನು ಬಿಗಿದು ಸುತ್ತಿದ್ದ ಬಟ್ಟೆಯ ಅಂಚಿನ ಉದ್ದಕ್ಕೂ.

ವಿದ್ಯಾ ಹುಟ್ಟಿದ್ದು ಮಾರ್ಗಶಿರ ಮಾಸದಲ್ಲಿ. ಕೆರೆಯ ಮೇಲೆ ಮಂಜು ಕೂರುತ್ತಿದ್ದ ಬೆಳಗುಗಳು ಅವು. ಅಮ್ಮ ಸಂದಿಗಳನ್ನು ಮುಚ್ಚಿದ್ದು ಆ ಚಳಿಗೆ. ಅವಳ ಕೈಯಿಂದ ನಾನು ಮುಚ್ಚುವುದನ್ನಷ್ಟೇ ಕಲಿತೆ, ಏಕೆ ಮುಚ್ಚಿದಳೆಂದು ಕೇಳಲೇ ಇಲ್ಲ. ನೋಡಿ, ಪ್ರೀತಿಯಿಂದ ಮಾಡಿದ್ದೆಲ್ಲ ಸರಿಯಾಗಿಯೇ ಇರುತ್ತದೆಂಬ ಭ್ರಮೆ ನಮ್ಮಂಥ ತಾಯಂದಿರಿಗೆ ಎಷ್ಟು ಸಲೀಸಾಗಿ ಬಂದುಬಿಡುತ್ತದೆ.

ಕುಲಾವಿ ತೆಗೆದೆ. ಸುತ್ತಿದ ಬಟ್ಟೆ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ವಿದ್ಯಾಳ ಮಡಿಲಿಗೆ ಕೊಟ್ಟೆ. ಆಮೇಲೆ ಸೀರೆಯ ತುಂಡುಗಳನ್ನು ಒಂದೊಂದಾಗಿ ಎಳೆದು ಕಿಟಕಿಯ ಎರಡೂ ರೆಕ್ಕೆ ತೆರೆದೆ. ಕೆರೆಯ ಗಾಳಿ ಹಸಿ ಎಲೆಗಳ ವಾಸನೆ ಹೊತ್ತು ಒಳಗೆ ಬಂತು. ಸ್ವಲ್ಪ ಹೊತ್ತಿಗೆ ಮಗುವಿನ ಚೀರಾಟ ಬಿಕ್ಕಾಗಿ, ಬಿಕ್ಕು ನಿಟ್ಟುಸಿರಾಗಿ, ಬಾಯಿ ತಾನೇ ಎದೆಯನ್ನು ಹುಡುಕಿತು. ವಿದ್ಯಾ ಕೆಳಗೆ ಬಿದ್ದಿದ್ದ ಸೀರೆ ತುಂಡೊಂದನ್ನು ಒಂದೇ ಕೈಯಲ್ಲಿ ಎತ್ತಿ ತನ್ನ ತಲೆಯ ಮೇಲೆ ಹಾಕಿಕೊಂಡಳು.

"ಕಿವಿ ನಂದು ಕಟ್ಟು. ಅವಳ್ದು ಬೇಡ. ಸರೀನಾ?"

"ಸರಿ ಕಣೇ," ಎಂದು ಗಂಟು ಹಾಕುತ್ತಾ, ಬೆನ್ನ ಹಿಂದಿದ್ದೇನೆ, ನನ್ನ ಮುಖ ಅವಳಿಗೆ ಕಾಣದು ಎಂಬ ಧೈರ್ಯದಿಂದ, ನನ್ನ ಪ್ರಾರ್ಥನೆಯ ಸಂಗತಿಯನ್ನು ಒಪ್ಪಿಕೊಂಡೆ. ಮಗು ಅಲುಗಬಾರದೆಂದು ತುಟಿ ಕಚ್ಚಿಕೊಂಡೇ ಅವಳು ನಕ್ಕಳು. ಭುಜ ಮಾತ್ರ ಕುಣಿಯಿತು. "ನಿಂಗೂ ದೇವ್ರಿಗೂ ಮಧ್ಯೆ ಇಡೀ ಯಲಹಂಕ ಸಿಕ್ಹಾಕ್ಕೊಂತಲ್ಲಮ್ಮ. ಬೇಗ ಮಾತಾಡಿ ಕರೆಂಟ್ ವಾಪಸ್ ಕೊಡ್ಸು."

ಆ ಸಂಜೆ ಕರೆಂಟಿನ ಮಾತು ತೆಗೆಯಬೇಕೆಂದೇ ದೇವರ ಮುಂದೆ ನಿಂತೆ. ಕೋಣೆಯಿಂದ ಮಗು ಗುಟುಕು ಗುಟುಕಾಗಿ ಹಾಲು ನುಂಗುವ ಸದ್ದು ಕೇಳಿಸುತ್ತಿತ್ತು. ತೆರೆದ ಕಿಟಕಿಯ ಗಾಳಿ ಅಲ್ಲಿಂದ ನಡುಮನೆ ದಾಟಿ ಬಂದು ದೀಪದ ಕುಡಿಯನ್ನು ಬಾಗಿಸಿತು. ಕಿಟಕಿ ಮುಚ್ಚೆಂದು ಮಗಳಿಗೆ ಕೂಗಲಿಲ್ಲ. ಕುಡಿಗೆ ಅಂಗೈ ಅಡ್ಡ ಹಿಡಿದು, ಏನನ್ನೂ ಬೇಡದೆ, ಮಗು ಕುಡಿದು ಮುಗಿಸುವವರೆಗೂ ಹಾಗೇ ನಿಂತಿದ್ದೆ.